ಮೇಲ್ಮನೆಯ ಅಕ್ಕನ ಕೇಪಿನ ಕೋವಿ

ಬಲಗೆನ್ನೆಯ ಮೇಲೆ ಹೆಬ್ಬೆರಳಗಲದ ಮಸಿ, ಅದರ ಪಕ್ಕದಲ್ಲಿ ಮಿನುಗುವ ಏಳು ಕಲ್ಲಿನ ಮೂಗುಬೊಟ್ಟು, ಹಣೆಯ ತುಂಬ ಕುಂಕುಮ: ಮೇಲ್ಮನೆಯ ಅಕ್ಕನನ್ನು ನಾನು ಮೊದಲು ಕಂಡದ್ದು ಈ ಅವತಾರದಲ್ಲಿ. ಬಾಗಿಲು ತೆರೆದ ಅವರ ಎರಡೂ ಕೈಗಳಿಗೆ ಸೋಪಿನ ನೊರೆ ಹತ್ತಿತ್ತು. ಅವರ ಬೆನ್ನ ಹಿಂದಿನಿಂದ ಕೊಳೆತ ಮೊಟ್ಟೆಯ ವಾಸನೆ ಹೊರಟು ಬಂದು, ನನ್ನನ್ನು ಅವರಿಗಿಂತ ಮೊದಲೇ ಎದುರುಗೊಂಡಿತು.

ಆ ವಾಸನೆಯ ವಿಚಾರಣೆಗೆಂದೇ ನನ್ನ ಮಡದಿ ನನ್ನನ್ನು ಮೆಟ್ಟಿಲು ಹತ್ತಿಸಿದ್ದಳು. ಅಮೆರಿಕದ ಸಿಯಾಟಲ್ ಬಳಿಯ ಕ್ರಾಸ್‌ರೋಡ್ಸ್‌ನ ಆ ಅಪಾರ್ಟ್‌ಮೆಂಟಿಗೆ ನಾವು ಬಂದು ಕೆಲವೇ ವಾರಗಳಾಗಿದ್ದವು. ಭಾನುವಾರದ ಸಂಜೆಗಳಲ್ಲಿ ನಮ್ಮ ಬಚ್ಚಲಿನ ಗಾಳಿಕಿಂಡಿಯಿಂದ ಈ ದುರ್ಗಂಧ ಇಳಿದು ಬರುತ್ತಿತ್ತು. "ಮೇಲ್ಗಡೆಯವ್ರು ನಮ್ಮೂರ ಕಡೆಯವ್ರೇ ಅಂತೆ ಕಣ್ರೀ. ಮೊಟ್ಟೆ ಬೇಯಿಸ್ಕೊಳ್ಲಿ, ಬೇಡ ಅನ್ನಲ್ಲ. ಕೆಟ್ಟಿರೋದನ್ನೇ ಯಾಕೆ ಬೇಯಿಸ್ಬೇಕು? ಹೋಗಿ ಮರ್ಯಾದೆಯಾಗಿ ಕೇಳ್ಕೊಂಡು ಬನ್ನಿ," ಎಂದಿದ್ದಳು. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿದ ನಾನು, ಕರ್ತೃ ಕರ್ಮ ಕ್ರಿಯಾಪದಗಳು ಸ್ವಸ್ಥಾನದಲ್ಲಿರುವ ಒಂದು ವಿನಯಪೂರ್ವಕ ವಾಕ್ಯವನ್ನು ದಾರಿಯಲ್ಲಿಯೇ ಸಿದ್ಧಪಡಿಸಿಕೊಂಡಿದ್ದೆ. ನಾನು ಕರ್ಮಪದವನ್ನು ತಲುಪುವ ಮೊದಲೇ ಅವರು, "ಮೊಟ್ಟೆ ಅಲ್ಲ ಸ್ವಾಮಿ, ಕೋವಿ. ಬನ್ನಿ ಒಳಕ್ಕೆ, ಚಪ್ಲಿ ಅಲ್ಲೇ ಬಿಡಿ," ಎಂದುಬಿಟ್ಟರು.

ಬಚ್ಚಲಿನ ಟಬ್ಬಿನಲ್ಲಿ, ಬಿಸಿ ಸೋಪುನೀರಿನೊಳಗೆ ಒಂದು ಉದ್ದನೆಯ ಉಕ್ಕಿನ ನಳಿಗೆ ಮಲಗಿತ್ತು. ಹಳೆಯ ಕಾಲದ ಕೇಪಿನ ಕೋವಿಯನ್ನು ನೋಡಿಕೊಂಡು ಇಟಲಿಯಲ್ಲಿ ಈಚೆಗೆ ಮಾಡಿದ್ದಂತೆ. ಇದಕ್ಕೆ ಮದ್ದನ್ನೂ ಗುಂಡನ್ನೂ ಬಾಯಿಯ ಕಡೆಯಿಂದಲೇ ತುಂಬಬೇಕು. ಹಿಂಬದಿಯ ಪುಟ್ಟ ಕೊಳವೆಯ ಮೇಲೆ ತಾಮ್ರದ ಕೇಪು ಕೂರಿಸಬೇಕು. ಕುದುರೆಯೆಂಬ ಪುಟ್ಟ ಸುತ್ತಿಗೆ ಬಂದು ಕೇಪಿಗೆ ಹೊಡೆದರೆ ಕಿಡಿಯು ಕೊಳವೆಯೊಳಗಿಳಿದು ಮದ್ದನ್ನು ಮುಟ್ಟುತ್ತದೆ. ಹೊಡೆದ ದಿನವೇ ತೊಳೆಯದಿದ್ದರೆ, ಗಂಧಕದ ಮಸಿಯು ಸಿಯಾಟಲ್‌ನ ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಇಷ್ಟನ್ನೂ ಅವರು ನಳಿಗೆಯೊಳಗೆ ಗಜವೆಂಬ ಉದ್ದನೆಯ ಕೋಲನ್ನು ಆಡಿಸುತ್ತ ಒಂದೇ ಉಸಿರಿನಲ್ಲಿ ಹೇಳಿದರು.

ಸೋಫಾದ ಮೇಲಿದ್ದ ಅವರ ಯಜಮಾನರು ನನ್ನತ್ತ ದೈನ್ಯದಿಂದ ನೋಡಿದರು. "ಬಾಕ್ಸ್ ಬಂದಾಗ ಕರ್ಟನ್ ರಾಡ್ ಅಂದ್ಕೊಂಡೆ ಸರ್. ನಾನೇ ಹೊತ್ಕೊಂಡು ಮೇಲಕ್ಕೆ ತಂದೆ."

"ಗೊತ್ತಿದ್ರೆ ಹೊರ್ತಿದ್ರಾ? ಅದಕ್ಕೇ ಹೇಳ್ಲಿಲ್ಲ," ಎಂದರು ಅಕ್ಕ ಬಚ್ಚಲಿನಿಂದಲೇ.

ಅಂದಿನಿಂದ ಅವರು ನನಗೆ ಅಕ್ಕ. ನಾನು ಅವರಿಗೆ ಮೇಷ್ಟ್ರು. ಓವರ್‌ಲೇಕ್‌ನ ಕಚೇರಿಯಲ್ಲಿ ಅವರದು ಸಾಫ್ಟ್‌ವೇರ್ ಪರೀಕ್ಷಿಸುವ ದೊಡ್ಡ ಹುದ್ದೆ. "ಇದಕ್ಕೆ ಅಪ್‌ಡೇಟ್ ಬರಲ್ಲ ಮೇಷ್ಟ್ರೇ," ಎಂದು ಕೋವಿಯ ಮರದ ಹಿಡಿಯನ್ನು ಸವರುತ್ತ ಹೇಳುವುದು ಅವರ ವಾಡಿಕೆ. ಆದರೆ ಮೂಲ ಕಾರಣ ಬೇರೆ. ಮಂಡ್ಯದ ಕಡೆಯ ಅವರ ಹಳ್ಳಿಯಲ್ಲಿ, ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲು ಅಜ್ಜನ ಬಳಿ ಇಂಥದೇ ಕೋವಿಯಿತ್ತಂತೆ. ಆಯುಧಪೂಜೆಯ ದಿನ ಅಣ್ಣತಮ್ಮಂದಿರು ಸರದಿಯಲ್ಲಿ ಗಾಳಿಗೆ ಗುಂಡು ಹಾರಿಸುತ್ತಿದ್ದರು. "ನನ್ ಕೈಗೆ ಕುಂಕುಮದ ಬಟ್ಲು ಕೊಡ್ತಿದ್ರು. ಐವತ್ತು ವರ್ಷ ಆಯ್ತಲ್ಲ, ಇನ್ಯಾವಾಗ ಹೊಡೀಲಿ?"

ಗುಂಡಿಗೆ ಸುತ್ತುವ ಬಟ್ಟೆಗೆ ಜಿಡ್ಡು ಬೇಕು. ಅಂಗಡಿಯವನು ಕೊಟ್ಟ ಡಬ್ಬಿಯನ್ನು ತಿರುಗಿಸಿ, ಯಾವ ಪ್ರಾಣಿಯ ಕೊಬ್ಬೆಂದು ಅಕ್ಕ ಕೇಳಿದರಂತೆ. ಉತ್ತರ ಕೇಳಿ ಡಬ್ಬಿಯನ್ನು ಅಲ್ಲಿಯೇ ಇಟ್ಟು ಬಂದರು. ಒಗ್ಗರಣೆ ಸೌಟಿನಲ್ಲಿ ತುಪ್ಪಕ್ಕೆ ಜೇನುಮೇಣ ಕರಗಿಸಿ ತಮ್ಮದೇ ಜಿಡ್ಡು ಮಾಡಿಕೊಂಡರು. ಬಟ್ಟೆಗೆ ಯಜಮಾನರ ಪಂಚೆಗಳು ಒಂದೊಂದಾಗಿ ಬಲಿಯಾದವು. "ಹಳೇದು ಮಾತ್ರ ತಗೋತೀನಿ ಅಂದಿದ್ಲು ಸರ್," ಎಂದು ಯಜಮಾನರು ಒಮ್ಮೆ ಹೇಳಿಕೊಂಡರು. "ಈಗ ನನ್ನತ್ರ ಹಳೇದೇ ಇಲ್ಲ."

ಊರಾಚೆ, ಕಾಡಿನಂಚಿನ ಬಯಲಿನಲ್ಲಿ ಇಂಥ ಕೋವಿಗಳವರದೊಂದು ಕ್ಲಬ್ಬಿತ್ತು. ಅಲ್ಲಿ ಸದಸ್ಯರಾಗಲು ಪರೀಕ್ಷೆಯಿದೆ. ಗುರಿ ಮುಖ್ಯವಲ್ಲ, ತುಂಬುವ ಕ್ರಮ ತಪ್ಪಬಾರದು, ನಳಿಗೆಯ ಬಾಯಿ ಎಂದಿಗೂ ಜನರತ್ತ ತಿರುಗಬಾರದು. ಮೊದಲ ಸಲ ಅಕ್ಕ ಅನುತ್ತೀರ್ಣರಾದರು. ಕೋವಿ ತುಂಬುತ್ತಲೇ ಪಕ್ಕದವನಿಗೆ ಬಿಸಿಬೇಳೆಬಾತಿನ ವಿಧಾನವನ್ನು ವಿವರಿಸುತ್ತಿದ್ದವರು ಮದ್ದನ್ನೇ ಹಾಕದೆ ಗುಂಡನ್ನು ಜಡಿದುಬಿಟ್ಟಿದ್ದರು. ಯಜಮಾನರಿಗೆ ಇಷ್ಟೇ ಸಾಕಾಯಿತು. "ಇನ್ನೊಂದ್ಸಲ ಫೇಲ್ ಆದ್ರೆ ಮಾರ್ಬಿಡ್ಬೇಕು. ಒಪ್ಪಿಗೇನಾ? ಮೇಷ್ಟ್ರ ಮುಂದೆ ಹೇಳು," ಎಂದರು. ಅಕ್ಕ ಒಪ್ಪಿದರು. ಅವರು ಅಷ್ಟು ಮೆಲ್ಲಗೆ ಮಾತನಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಬಾರಿ.

ಮರುದಿನ ಸಂಜೆಯೇ ಉದ್ದನೆಯ ಛತ್ರಿಯೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. "ಮೇಷ್ಟ್ರೇ, ನನಗೆ ಪಾಠ ಮಾಡಿ. ಕೋವಿ ಗೊತ್ತು ನನಗೆ. ಬಾಯಿ ಮುಚ್ಕೊಂಡಿರೋದು ಗೊತ್ತಿಲ್ಲ."

ಗಲಾಟೆಯ ತರಗತಿಯನ್ನು ಸುಮ್ಮನಿರಿಸುವ ಉಪಾಯ ಬಲ್ಲವನು ನಾನು. 'ಸುಮ್ಮನಿರಿ' ಎಂದರೆ ಯಾರೂ ಸುಮ್ಮನಿರುವುದಿಲ್ಲ; ಬಾಯಿಗೂ ಕೆಲಸ ಕೊಡಬೇಕು. "ಮದ್ದು, ಬಟ್ಟೆ, ಗುಂಡು, ಗಜ, ಕೇಪು": ಕೈ ಮಾಡುವುದನ್ನೇ ಬಾಯಿಯೂ ಹೇಳಬೇಕು, ಬೇರೆ ಸೊಲ್ಲು ಕೂಡದು ಎಂದು ನಿಯಮ ಮಾಡಿದೆ. ಕೋವಿ ಹಾರದೆ ಹೋದರೆ, ಕಿಡಿಯು ಒಳಗೆ ಕನಲುತ್ತಿರಬಹುದಾದ್ದರಿಂದ, ಒಂದು ನಿಮಿಷ ಗುರಿಯತ್ತಲೇ ಹಿಡಿದು ಕಲ್ಲಿನಂತೆ ನಿಲ್ಲಬೇಕಿತ್ತು. ಅಕ್ಕನಿಗೆ ಒಂದು ನಿಮಿಷದ ಮೌನವೆಂದರೆ ಉಪವಾಸ. ಆ ನಿಮಿಷಕ್ಕೆ ಹದಿಮೂರರ ಮಗ್ಗಿಯನ್ನು ಗೊತ್ತುಮಾಡಿದೆ. ಅವರು ಛತ್ರಿಯನ್ನು ನಮ್ಮ ಫ್ರಿಜ್ಜಿನತ್ತ ಗುರಿಯಿಟ್ಟು ಮಗ್ಗಿ ಹೇಳುವಾಗ ನನ್ನ ಮಡದಿ ಮೊಸರು ತೆಗೆಯಲೂ ಹೆದರುತ್ತಿದ್ದಳು.

ಪರೀಕ್ಷೆಯ ಹಿಂದಿನ ವಾರ ಆಯುಧಪೂಜೆ ಬಂತು. ಅಕ್ಕ ಕಾರು, ಲ್ಯಾಪ್‌ಟಾಪ್, ಮಿಕ್ಸಿ, ಕುಕ್ಕರುಗಳಿಗೆಲ್ಲ ಕುಂಕುಮವಿಟ್ಟು, ಕಡೆಯಲ್ಲಿ ಕೋವಿಗೆ ಭಕ್ತಿಯಿಂದ ಎಣ್ಣೆಯಲ್ಲಿ ಕಲಸಿದ ದಪ್ಪ ಬೊಟ್ಟನ್ನಿಟ್ಟರು. ಎಲ್ಲಿ? ಎಲ್ಲಕ್ಕಿಂತ ಮುಖ್ಯವಾದ ಜಾಗವೆಂದು, ಕೇಪು ಕೂರುವ ಕೊಳವೆಯ ತುದಿಗೇ. ಉಸಲಿ ತಿನ್ನುತ್ತ ಕುಳಿತಿದ್ದ ನನಗೂ ಅದು ಉಚಿತವೆಂದೇ ತೋರಿತು.

ಪರೀಕ್ಷೆಯ ದಿನ ಜಿನುಗು ಮಳೆ. ತಗಡಿನ ಮಾಡಿನ ಕೆಳಗೆ, ಜಿಂಕೆಯ ಚರ್ಮದ ಅಂಗಿ ತೊಟ್ಟ, ಕ್ಲಬ್ಬಿನ ಗಡ್ಡದ ಅಧಿಕಾರಿಯೊಬ್ಬರು ನಿಂತಿದ್ದರು. ಯಜಮಾನರು ಕಾರಿನೊಳಗೆ ಗಾಜು ಏರಿಸಿಕೊಂಡು ಕುಳಿತರು. ಅಕ್ಕ ನಮ್ಮ ಐದು ಶಬ್ದಗಳನ್ನು ಬಿಟ್ಟು ಬೇರೇನನ್ನೂ ಆಡದೆ ಕೋವಿ ತುಂಬಿ, ಕುದುರೆ ಎತ್ತಿ, ಗುರಿಯಿಟ್ಟರು.

ಟಪ್.

ಕೇಪು ಸಿಡಿಯಿತು; ಕೋವಿ ಹಾರಲಿಲ್ಲ. ಅಕ್ಕ ಈಗ ತಿರುಗಿ, "ಮೇಷ್ಟ್ರೇ, ಏನಾಯ್ತು ಇದಕ್ಕೆ?" ಎಂದು ಕೇಳಿದರೆ ನಳಿಗೆಯೂ ಅವರೊಡನೆ ತಿರುಗುತ್ತದೆ, ಎಲ್ಲವೂ ಮುಗಿಯುತ್ತದೆ. ಅವರ ಭುಜ ಕದಲಿದಂತಾಯಿತು. ಅಷ್ಟರಲ್ಲಿ ಕೇಳಿಸಿತು, ಮಂಡ್ಯದ ಗದ್ದೆಯ ಆಚೆ ದಡಕ್ಕೂ ಮುಟ್ಟುವಂಥ ಕಂಠದಲ್ಲಿ: "ಹದಿಮೂರೊಂದ್ಲೆ ಹದಿಮೂರು! ಹದಿಮೂರೆರಡ್ಲೆ ಇಪ್ಪತ್ತಾರು!"

ಬೆಂಚಿನ ಮೇಲಿದ್ದ ಕ್ಲಬ್ಬಿನ ಮುದುಕರು ಒಬ್ಬೊಬ್ಬರಾಗಿ ಎದ್ದು ನಿಂತು ಟೋಪಿ ತೆಗೆದು ಎದೆಗೊತ್ತಿಕೊಂಡರು. ಅಕ್ಕನ ಕಣ್ಣು ಗುರಿಯಲ್ಲೇ ನೆಟ್ಟಿತ್ತು. "ಹದಿಮೂರೇಳ್ಲೆ ತೊಂಬತ್ತೆರಡು!"

"ತೊಂಬತ್ತೊಂದು!" ಎಂದು ನಾನು ಕೂಗಿಬಿಟ್ಟೆ. ತಪ್ಪು ಮಗ್ಗಿಯನ್ನು ಕೇಳಿಸಿಕೊಂಡು ಸುಮ್ಮನಿರುವುದು ನನ್ನಿಂದ ಸಾಧ್ಯವೇ ಇರಲಿಲ್ಲ.

"ತೊಂಬತ್ತೊಂದು!" ಎಂದರು ಅಕ್ಕ, ಕೂದಲೆಳೆಯಷ್ಟೂ ಅಲುಗಾಡದೆ. "ಹದಿಮೂರೆಂಟ್ಲೆ ನೂರಾ ನಾಕು!" ಬೆಂಚಿನ ಕಡೆಯಿಂದ ಯಾರೋ ಮೆಲ್ಲಗೆ "ಆಮೆನ್" ಎಂದರು.

ಮಗ್ಗಿ ಮುಗಿದ ಮೇಲೆ ಅಧಿಕಾರಿಯು ಸೂಜಿಯಿಂದ ಕೊಳವೆಯನ್ನು ಕೆದಕಿದರು. ಕೆಂಪು ಮುದ್ದೆಯೊಂದು ಹೊರಬಂತು. ಅದನ್ನು ಬೆರಳಿಗೆ ಒರೆಸಿಕೊಂಡು ಮೂಸಿ, "ನಿಮ್ಮ ರೈಫಲ್ಲು ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಕ್ಕ ತಮ್ಮ ಹಣೆಯ ಕುಂಕುಮವನ್ನು ಬೆರಳಿನಿಂದ ತೋರಿಸಿದರು. ಹೊಸ ಕೇಪು ಕೂರಿಸಿ ಮತ್ತೆ ಹೊಡೆದರು. ಧಡ್ ಎಂಬ ಸದ್ದು, ಬಿಳಿಯ ಹೊಗೆ, ಅದರೊಳಗೆ ಕಾಯಿಸಿದ ತುಪ್ಪದ ಪರಿಮಳ. ಗುರಿಕಾಗದದ ಕೆಳತುದಿಯಲ್ಲಿ ತೂತು ಬಿದ್ದಿತ್ತು.

"ಹಾರದಿದ್ದಾಗ ತಿರುಗಿ ನನಗೆ ತೋರಿಸಲು ಬರುವವರೇ ಹೆಚ್ಚು," ಎಂದರು ಅಧಿಕಾರಿ. "ಈಕೆ ನಿಂತಲ್ಲೇ ನಿಂತರು. ಪಾಸು. ಇನ್ನು ಮುಂದೆ ತುಂಬುವ ಮೊದಲು ಬರಿಯ ಕೇಪೊಂದನ್ನು ಸಿಡಿಸಿ ದಾರಿ ತೆರವು ಮಾಡಿಕೊಳ್ಳಿ. ನಿಮ್ಮ ಪ್ರಾರ್ಥನೆಗೆ ಅದನ್ನೂ ಸೇರಿಸಿ." ಅದು ಪ್ರಾರ್ಥನೆಯಲ್ಲ, ಮಗ್ಗಿ ಎಂದು ತಿದ್ದಲು ನಾನು ಬಾಯಿ ತೆರೆದೆ. ಅಕ್ಕ ನನ್ನ ಪಾದವನ್ನು ತುಳಿದರು.

ಯಜಮಾನರು ಕಾರಿನಿಂದಿಳಿದು ಬಂದರು. ತೂತು ಬಿದ್ದ ಕಾಗದವನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣಿನಲ್ಲಿ ಇಣುಕಿದರು. "ಮನೇಲೇ ಇರ್ಲಿ ಬಿಡು," ಎಂದರು. ಅಕ್ಕ ತಲೆಯಾಡಿಸಿ, ಸೆರಗಿನ ಮೇಲೆ ತೊಟ್ಟಿದ್ದ ಜಾಕೆಟ್ಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಕಣ್ಣಿಗೆ ಹೊಗೆ ಹೋಯಿತೆಂದರು.

ಕೆಲವು ವರ್ಷಗಳ ತರುವಾಯ ಅವರು ಬೇರೆ ರಾಜ್ಯಕ್ಕೆ ವರ್ಗವಾಗಿ, ಕೋವಿಯನ್ನು ಸೀಟಿನ ಹಿಂದೆ ಮಲಗಿಸಿಕೊಂಡು ಹೊರಟುಹೋದರು. ನನ್ನಲ್ಲಿ ಉಳಿದದ್ದು ಪರೀಕ್ಷೆಯ ಆ ಮಧ್ಯಾಹ್ನವೇ ಅವರು ಮಾಡಿದ ಉಪಕಾರ. ಮಡದಿಯ ವೀಸಾದ ಮೇಲೆ ಬಂದ ನನಗೆ ಈ ದೇಶದಲ್ಲಿ ದುಡಿಯುವ ಅನುಮತಿ ಇರಲಿಲ್ಲ. ಟೋಟೆಮ್ ಲೇಕ್‌ನ ಅಂಗಡಿಗಳ ಫಲಕಗಳನ್ನು ಓದುತ್ತ ತಿರುಗುವುದೇ ನನ್ನ ದಿನಚರಿಯಾಗಿತ್ತು. ಅಂದು ಅಕ್ಕ ನನ್ನ ತೋಳು ಹಿಡಿದು ಅಧಿಕಾರಿಯ ಮುಂದೆ ನಿಲ್ಲಿಸಿ, ಇಂಗ್ಲಿಷಿನಲ್ಲಿ, "ಇವರು ನನ್ನ ಮೇಷ್ಟ್ರು," ಎಂದರು. ಮೇಷ್ಟ್ರು ಎಂಬುದನ್ನು ಮಾತ್ರ ಕನ್ನಡದಲ್ಲಿಯೇ ಬಿಟ್ಟರು. ಅಧಿಕಾರಿಯು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಹೊಸಬರಿಗೆ ಕ್ರಮ ಕೂಗಿ ಹೇಳಲು ದೊಡ್ಡ ಗಂಟಲಿನವರು ಬೇಕಾಗಿದ್ದಾರೆ, ಸಂಬಳವಿಲ್ಲ, ಕಾಫಿಯಿದೆ ಎಂದರು.

ಮುಂದಿನ ಅಭ್ಯರ್ಥಿ ಅರವತ್ತು ದಾಟಿದ ಎತ್ತರದ ಮನುಷ್ಯ. ಖಾಲಿ ಕೋವಿ ಹಿಡಿದು ನನ್ನೆದುರು ನೆಟ್ಟಗೆ ನಿಂತು, "ಸರ್, ಶುರು ಮಾಡೋಣವೇ?" ಎಂದು ಕೇಳಿದ. ನಾನು ಅಂಗಿಯ ತೋಳನ್ನು ಸರಿಪಡಿಸಿಕೊಂಡೆ. ನನ್ನ ಕಂಠ ಶಾಲೆಯ ಕಡೆಯ ಬೆಂಚಿನವರೆಗೂ ಮುಟ್ಟುತ್ತಿದ್ದ ಕಂಠ. ಮೈಸೂರು ಬಿಟ್ಟ ಮೇಲೆ ಅದನ್ನು ಪೂರ್ತಿಯಾಗಿ ತೆರೆದದ್ದು ಅಂದೇ.