ಶೂ ಒಳಗಿದ್ದ ಕಾಫಿ ಬೀಜ

ಷಣ್ಮುಗಂ ಅಂಕಲ್, ವರ್ಷಗಳ ಹಿಂದೆ ಒಂದು ಭಾನುವಾರ ನಮ್ಮ ಮನೆಯಲ್ಲಿ ನೀವು ಕುಡಿದ ಕಾಫಿಯಲ್ಲಿ ಒಂದು ಹಿಡಿ ಬೀಜ ನನ್ನ ಗಂಡನ ಶೂ ಒಳಗಿನಿಂದ ಬಂದದ್ದು. ಇಟ್ಟವಳು ನಾನು, ತೆಗೆದವಳು ನಾನು, ಪುಡಿ ಮಾಡಿ ಡಿಕಾಕ್ಷನ್ ಇಳಿಸಿದವಳೂ ನಾನೇ.

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ನೀವೇ ಕಬ್ಬಿಣದ ಬಾಣಲೆಯಲ್ಲಿ ಹುರಿದ ಬೀಜವನ್ನು ಭದ್ರಾವತಿಯಿಂದ ಬಸ್ಸಿನಲ್ಲಿ ರವೀಂದ್ರನಗರದ ನಮ್ಮ ಮನೆಗೆ ತರುತ್ತಿದ್ದಿರಿ. ಹದವನ್ನು ಮೂಗಿನಿಂದಲೇ ಹಿಡಿಯುತ್ತಾನೆ ನನ್ನ ಸ್ನೇಹಿತ ಎಂದು, ರಿಟೈರ್ ಆಗುವ ಮುನ್ನ ನಿಮ್ಮ ಮೇಲಧಿಕಾರಿಯಾಗಿದ್ದ ಮಾವ ಬೀದಿಗೆಲ್ಲ ಹೇಳಿಕೊಂಡಿದ್ದರು. ನಾನು — ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಕಾಫಿ ಬೀಜ ಎಂಥ ವಾಸನೆಯನ್ನೂ ಹೀರುತ್ತದಂತೆ. ಫ್ರಿಜ್ಜಿನಲ್ಲಿ ಹಲಸಿನ ತೊಳೆ ಇತ್ತು. ಪಕ್ಕದಲ್ಲಿ ಒಂದು ಬಟ್ಟಲು ಬೀಜ ಇಟ್ಟೆ. ದೇವರ ಮುಂದಿನ ಊದುಬತ್ತಿ ವಾಲುತ್ತಿತ್ತು. ಲೋಟದ ತುಂಬ ಬೀಜ ಹಾಕಿ ಅದರಲ್ಲಿ ಚುಚ್ಚಿದೆ, ನೆಟ್ಟಗೆ ನಿಂತಿತು. ಬೆಳ್ಳುಳ್ಳಿ ಸುಲಿದ ಕೈಗೂ ಉಜ್ಜಿಕೊಂಡೆ. ಕೊನೆಗೆ ಗಂಡ ಷಟಲ್ ಆಡುವ ಶೂ — ಹಳೆಯ ಕರ್ಚೀಫಿನಲ್ಲಿ ಕಟ್ಟಿ ಒಳಗೆ ತುರುಕಿದೆ. ಎಲ್ಲವೂ ಚೆನ್ನಾಗಿ ಕೆಲಸ ಮಾಡಿತು. ತೊಂದರೆ ಆದದ್ದೇ ಅದರಿಂದ.

ಆ ಭಾನುವಾರ ನೀವು ಬರಿಗೈಯಲ್ಲಿ ಬಂದಿರಿ, ಹಿಂದಿನ ಬೀಜ ಇನ್ನೂ ಇರುತ್ತದೆಂದುಕೊಂಡು. ಡಬ್ಬಿ ಖಾಲಿ. ಮುಗಿದಿದೆ ಎಂದರೆ ಎಲ್ಲಿ ಹೋಯಿತೆಂದು ಮಾವ ಕೇಳುತ್ತಾರೆ. ಬಟ್ಟಲಿನದು, ಲೋಟದ್ದು ಸೇರಿಸಿದೆ — ಸಾಲಲಿಲ್ಲ. ಕರ್ಚೀಫು ಬಿಚ್ಚಿದೆ. ವಾಸನೆ ಹೀರುತ್ತದೆಂದು ನಂಬಿ ಇಟ್ಟ ನಾನೇ, ಇಷ್ಟು ಗಟ್ಟಿ ಬೀಜಕ್ಕೆ ವಾಸನೆ ಎಲ್ಲಿ ಹತ್ತುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ನೀವು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಿರಿ.

"ಸಾರ್, ಹಲಸಿನ ಹಣ್ಣಿನ ವಾಸನೆ ಬರ್ತಿದೆ." ಮತ್ತೆ ಮೂಸಿದಿರಿ. "ಊದುಬತ್ತಿನೂ ಇದೆ." ಆಮೇಲೆ ನನ್ನ ಗಂಡನ ಕಾಲಿನ ಕಡೆ ಒಮ್ಮೆ ನೋಡಿದಿರಿ.

ಮಾವನಿಗೂ ಆ ಕಾಫಿ ರುಚಿಸಿರಲಿಲ್ಲ. ನಕ್ಕರು. "ಕಾಫಿಯಲ್ಲಿ ಎಂಥ ಹಲಸಿನ ಹಣ್ಣೋ ಮಾರಾಯ. ನಿನ್ನ ಮೂಗೂ ರಿಟೈರ್ ಆಯ್ತು. ಅದಕ್ಕೇ ಹದ ಕೆಟ್ಟಿದೆ. ಹುರಿಯೋದು ಬಿಟ್ಬಿಡು ಇನ್ನು."

ನಾನು ಅಡುಗೆಮನೆ ಬಾಗಿಲಲ್ಲೇ ಇದ್ದೆ, ಕರ್ಚೀಫು ಇನ್ನೂ ಕೈಯಲ್ಲಿ. ಬಾಯಿ ಬಿಡಲಿಲ್ಲ. ಸೊಸೆ ಶೂ ಕಾಫಿ ಕೊಟ್ಟಳು ಎಂಬ ಸುದ್ದಿ ಭದ್ರಾವತಿ ಮುಟ್ಟುತ್ತದೆ ಎಂಬ ಭಯ — ಅಷ್ಟೇ ಇದ್ದದ್ದು ತಲೆಯಲ್ಲಿ.

ಮುಂದಿನ ಸಲ ನೀವು ಬೀಜ ತರಲಿಲ್ಲ. "ಬಾಣಲೆ ಪಕ್ಕದ ಮನೆಯವರಿಗೆ ಕೊಟ್ಟೆ, ಅವರು ಕಡಲೆಕಾಯಿ ಹುರ್ಕೊಳ್ತಾರೆ," ಎಂದಿರಿ. ನಾನು ಕೊಟ್ಟ ಅಂಗಡಿ ಪುಡಿಯ ಕಾಫಿಯನ್ನು ಕುಡಿಯುವ ಮೊದಲು ಮಾವನ ಮೂಗಿನ ಹತ್ತಿರ ಹಿಡಿದು, ಸರಿ ಇದೆಯಾ ಎಂದು ಕೇಳಿದಿರಿ. ಮಾವ ಗಂಭೀರವಾಗಿ ಮೂಸಿ ಪಾಸು ಮಾಡಿದರು. ಅಂದಿನಿಂದ ಇಷ್ಟು ವರ್ಷ ಅದೇ ಪದ್ಧತಿ — ಮಾವನಿಗೆ ನೆಗಡಿಯಾಗಿ ಮೂಗು ಕಟ್ಟಿದ ದಿನವೂ. ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇನೆ. ಅದನ್ನೂ ಹೇಳಿಬಿಡುತ್ತೇನೆ.

ಹೋದ ಭಾನುವಾರ ಹಾಲು ಒಲೆಯ ಮೇಲಿಟ್ಟು ಬಟ್ಟೆ ತೆಗೆಯಲು ತಾರಸಿಗೆ ಹೋದೆ. ಮಾವ ಸ್ನಾನಕ್ಕೆ ಹೋಗಿದ್ದರು, ನೀವೊಬ್ಬರೇ ಹಾಲ್‌ನಲ್ಲಿ. ಇಳಿದು ಬಂದರೆ ಮನೆ ತುಂಬ ಗ್ಯಾಸ್ ವಾಸನೆ — ಹಾಲು ಉಕ್ಕಿ ಉರಿ ಆರಿತ್ತು. ಸಿಲಿಂಡರ್ ಬಂದ್ ಮಾಡಿ ಕಿಟಕಿಗಳನ್ನೆಲ್ಲ ತೆಗೆದೆ. ನಿಮಗೆ ವಾಸನೆ ಬರಲಿಲ್ಲವೇ ಎಂದು ಕೇಳಿದೆ.

"ಬಂತಮ್ಮ, ಆವಾಗಲೇ ಬಂತು," ಎಂದಿರಿ. "ನನ್ನ ಮೂಗು ತಾನೇ, ಏನೋ ಸುಳ್ಳು ಹೇಳ್ತಿದೆ ಅಂದ್ಕೊಂಡೆ."

ಅಂಕಲ್, ಆಮೇಲೆ ನನಗೆ ನಗು ಬಂದಿಲ್ಲ.

ಈ ಭಾನುವಾರ ನೀವು ಬರಬೇಡಿ. ಮಾವನನ್ನು ಕರೆದುಕೊಂಡು ನಾನೇ ಬರುತ್ತೇನೆ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಶೂ ವಿಷಯವನ್ನೂ ಬಿಡದೆ, ಈ ಕಾಗದದಲ್ಲಿ ಬರೆದ ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಮತ್ತೆ ಹುರಿಯಿರಿ ಎಂದು ಕೇಳುವುದಿಲ್ಲ. ಆ ಅಧಿಕಾರ ನನಗಿಲ್ಲ. ನಿಮ್ಮ ಮೂಗು ಅವತ್ತೂ ತಪ್ಪಿರಲಿಲ್ಲ — ಅದನ್ನು ಮಾವ ಕೇಳಬೇಕು, ನೀವು ಕೇಳಬೇಕು. ಬೈಯುವುದನ್ನೆಲ್ಲ ಆಮೇಲೆ ಬೈಯಿರಿ. ಕೊನೆಯ ಬಸ್ಸಿನವರೆಗೂ ಅಲ್ಲೇ ಕೂತಿರುತ್ತೇನೆ.