ಮಾವನವರ ಬೆನ್ನ ಹಿಂದೆ

ಕೆಮ್ಮಿನಲ್ಲಿ ಎರಡು ಜಾತಿ. ಒಂದು ಗಂಟಲಿನಲ್ಲಿ ಹುಟ್ಟಿ ಡಾಕ್ಟರ ಬಳಿಗೆ ಹೋಗುವಂಥದ್ದು. ಇನ್ನೊಂದು ಸೌಜನ್ಯದಲ್ಲಿ ಹುಟ್ಟಿ ಹೊಸ್ತಿಲಲ್ಲೇ ಮುಗಿಯುವಂಥದ್ದು. ಎಪ್ಪತ್ತರ ದಶಕದ ಚಿತ್ರದುರ್ಗ ಎಂದೊಡನೆ ನನ್ನ ಕಿವಿಗೆ ಮೊದಲು ಕೇಳುವುದು ಏಳು ಸುತ್ತಿನ ಕೋಟೆಯ ಗಾಳಿಯಲ್ಲ, ಈ ಎರಡನೆಯ ಜಾತಿಯ ಕೆಮ್ಮು. ಸಂತೆಪೇಟೆಯ ಕಂಬಳಿ ಅಂಗಡಿಗೆ ಬೀಗ ಹಾಕಿ ಮನೆಗೆ ಬಂದ ನನ್ನ ಮಾವನವರು ಜಗುಲಿಯಲ್ಲಿ ಚಪ್ಪಲಿ ಬಿಡುತ್ತ ಹೊರಡಿಸುತ್ತಿದ್ದ, ಕಫದ ಸುಳಿವೇ ಇಲ್ಲದ, ಗಂಭೀರವಾದ ಜೋಡಿ ಕೆಮ್ಮು.

ಬೆಂಗಳೂರಿನ ಕಾನ್ವೆಂಟಿನಲ್ಲಿ ಕಲಿತ ನನಗೆ ಕೆಮ್ಮಿದವರು ಕರ್ಚೀಫು ಅಡ್ಡ ಹಿಡಿದು ‘ಎಕ್ಸ್‌ಕ್ಯೂಸ್ ಮಿ’ ಎನ್ನಬೇಕೆಂಬುದು ಗೊತ್ತಿತ್ತೇ ಹೊರತು ಕೆಮ್ಮೇ ಒಂದು ‘ಎಕ್ಸ್‌ಕ್ಯೂಸ್ ಮಿ’ ಆಗಬಲ್ಲದೆಂಬುದು ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ಪಾಪ, ಹಿರಿಯರಿಗೆ ಬ್ರಾಂಕೈಟಿಸ್ ಇರಬೇಕೆಂದು ಮರುಗಿ ನನ್ನ ಯಜಮಾನರ ಕೈಯಲ್ಲಿ ಒಂದು ಬಾಟಲಿ ಕಾಫ್ ಸಿರಪ್ ತರಿಸಿ ಕಳಿಸಿದೆ. ಅತ್ತೆಯವರು ಸೆರಗಿನಲ್ಲಿ ನಗು ಮುಚ್ಚಿಕೊಂಡು, “ಅದು ಕೆಮ್ಮಲ್ಲಮ್ಮ, ನಾನು ಬಂದೀನಿ ಅಂತ ಹೇಳಾದು. ನೀನು ಸೆರಗು ಸರಿ ಮಾಡ್ಕಂಡು ಒಳಕ್ಕೆ ಹೋಗ್ಲಿ ಅಂತ,” ಎಂದಾಗ ನಾನು ನೆಲ ಬಿರಿಯಲೆಂದು ಕಾದೆ, ನಮ್ಮೂರ ನೆಲವೋ ಹೆಬ್ಬಂಡೆ, ಬಿರಿಯಲಿಲ್ಲ. ಸೊಸೆ ಕೊಟ್ಟದ್ದನ್ನು ಹಿಂದಿರುಗಿಸಬಾರದೆಂದು ಮಾವನವರು ಆ ಬಾಟಲಿಯನ್ನು ದಿನವೂ ಒಂದೊಂದು ಚಮಚ ಕುಡಿದು ಮುಗಿಸಿದರಂತೆ. ಇಲ್ಲದ ರೋಗಕ್ಕೆ ಔಷಧ ಕುಡಿದ ಆ ಮಹನೀಯರ ಮುಂದೆ ನಾನು ಹೇಗೆ ತಲೆಯೆತ್ತಲಿ, ನೀವೇ ಹೇಳಿ.

ತಲೆಯೆತ್ತುವ ಪ್ರಶ್ನೆಯೂ ಇರಲಿಲ್ಲವೆನ್ನಿ. ಆ ಮನೆಯಲ್ಲಿ ಸೊಸೆಯಾದವಳು ಮಾವನೆದುರು ಕೂರುವಂತಿಲ್ಲ, ಮುಖಾಮುಖಿ ಮಾತಾಡುವಂತಿಲ್ಲ, ಅವರ ಕಣ್ಣೆದುರು ಒಂದು ತುತ್ತನ್ನೂ ಬಾಯಿಗಿಡುವಂತಿಲ್ಲ. ಅವರು ನನಗೆ ಹೇಳಬೇಕಾದುದನ್ನು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. ನಾನು ಉತ್ತರವನ್ನು ಅದೇ ಕಂಬಕ್ಕೆ ಒಪ್ಪಿಸುತ್ತಿದ್ದೆ. ಇಷ್ಟನ್ನು ಎಟಿಕೆಟ್ ಎಂದು ಒಪ್ಪಿಕೊಳ್ಳುವಷ್ಟು ಶಿಕ್ಷಣ ನನಗಿತ್ತು. ಆದರೆ ಮನಸ್ಸಿನ ತಳದಲ್ಲಿ ಬೇರೊಂದು ಅನುಮಾನ ಕುಳಿತಿತ್ತು: ಮುದ್ದೆಯನ್ನು ನುಂಗದೆ ಚೂಯಿಂಗ್ ಗಮ್ಮಿನಂತೆ ಅಗಿಯುವ, ರೊಟ್ಟಿ ತಟ್ಟಿದರೆ ಭೂಪಟ ಮೂಡಿಸುವ, ಕಾಲಿಗೆ ಮುಳ್ಳು ಚುಚ್ಚಿದರೆ ಇಂಗ್ಲಿಷಿನಲ್ಲಿ ಕೂಗುವ ಈ ಸೊಸೆ ಅವರಿಗೊಂದು ನಾಚಿಕೆಗೇಡಾಗಿರಬಹುದೇ? ಲಜ್ಜೆ, ಸಂಕೋಚ, ನಾಚಿಕೆ, ಅವಮಾನ ಎಂದು ಕನ್ನಡದಲ್ಲಿ ಇವಕ್ಕೆಲ್ಲ ಪ್ರತ್ಯೇಕ ಕೋಣೆಗಳಿವೆ. ಇಂಗ್ಲಿಷಿನ ‘ಶೇಮ್’ ನಡುಗೋಡೆಗಳಿಲ್ಲದ ಒಂದೇ ಹಾಲು. ನಾನು ಆ ಹಾಲಿನಲ್ಲೇ ಬೆಳೆದವಳಾದ್ದರಿಂದ ಅವರು ಯಾವ ಕೋಣೆಯಲ್ಲಿದ್ದಾರೆಂಬುದು ನನಗೆ ತಿಳಿಯುತ್ತಿರಲಿಲ್ಲ.

ಹೀಗಿರಲು ನನ್ನ ಕಾನ್ವೆಂಟಿನ ಸಿಸ್ಟರ್ ಮೋನಿಕಾ ಬರುವರೆಂಬ ಸುದ್ದಿ ಬಂತು. ನನಗೆ ಫೋರ್ಕು ಹಿಡಿಯಲು ಕಲಿಸಿದ ಐರಿಷ್ ಮಹಾತಾಯಿ. ನಿವೃತ್ತರಾಗಿ ಸ್ವದೇಶಕ್ಕೆ ಮರಳುವ ಮುನ್ನ ಹಳೆಯ ವಿದ್ಯಾರ್ಥಿನಿಯರ ಊರುಗಳನ್ನು ಸುತ್ತುತ್ತಿದ್ದರು. ನಮ್ಮೂರನ್ನು ಅವರು ಕಂಪನಿ ಸರ್ಕಾರದ ಭೂಪಟದಲ್ಲಿದ್ದಂತೆ ‘ಚಿತಲ್‌ಡ್ರೂಗ್’ ಎಂದೇ ಕರೆಯುತ್ತಿದ್ದರು. ಬಿಳಿಯ ದೊರೆಗಳ ಪಟಾಲಮ್ಮು ಕೆಲಕಾಲ ಬೀಡುಬಿಟ್ಟಿದ್ದ ಊರನ್ನು ಕಾಲ್ನಡಿಗೆಯಲ್ಲಿ ನೋಡಬೇಕು, ಬೀದಿಯ ಜನ ತಿನ್ನುವುದನ್ನೇ ತಿನ್ನಬೇಕು ಎಂಬುದು ಅವರ ಹಟ. ಯಜಮಾನರು ಬ್ಯಾಂಕಿನ ಕೆಲಸಕ್ಕೆ ಹೊಳಲ್ಕೆರೆಗೆ ಹೋಗಿದ್ದರು. ನಾನೋ, ವರ್ಷಗಳಿಂದ ಇದ್ದರೂ ಮನೆ ಮತ್ತು ಬಸ್ ಸ್ಟ್ಯಾಂಡಿನ ನಡುವಣ ಚಿತ್ರದುರ್ಗವನ್ನಷ್ಟೇ ಬಲ್ಲವಳು. ಆಗ ಜಗುಲಿಯಿಂದ ಕೆಮ್ಮು ಕೇಳಿತು. “ನಾನೇ ಕರ್ಕಂಡು ಹೋಗ್ತೀನಿ ಅಂತ ಹೇಳಮ್ಮ ಅವರಿಗೆ,” ಎಂದರು ಮಾವನವರು, ಕಂಬಕ್ಕೆ.

ಹಾಗೆ ಹೊರಟಿತು ನಮ್ಮ ಮೆರವಣಿಗೆ. ಮುಂದೆ ಹೆಗಲ ಮೇಲೆ ಕಂಬಳಿ ಹೊದ್ದ ಮಾವನವರು, ನಡುವೆ ಬಿಳಿಯ ನಿಲುವಂಗಿಯ ಸಿಸ್ಟರು, ಹಿಂದೆ ಹ್ಯಾಂಡ್‌ಬ್ಯಾಗು ಹಿಡಿದ ದುಭಾಷಿ ನಾನು. ಮಾವನವರ ಇತಿಹಾಸದಲ್ಲಿ ನಾಯಕರೂ ನವಾಬರೂ ಅಡ್ಡಹಾದಿಯಲ್ಲಿ ಬಂದು ಹೋಗುವರಷ್ಟೆ. ಯಾರ ಅಂಗಡಿಯ ಬೋಂಡಕ್ಕಾಗಿ ಯಾವ ಅಮಲ್ದಾರ ವರ್ಗ ಬೇಡವೆಂದ, ಎಂಬುದೇ ಮುಖ್ಯ ಅಧ್ಯಾಯ.

ಮೊದಲ ನಿಲುಗಡೆ ಖಾದರ್ ಸಾಹೇಬರ ಬೇಕರಿ. ಮುತ್ತಾತಂದಿರ ಕಾಲದಿಂದ ಇದೇ ಬೀದಿಯಲ್ಲಿರುವ ಮನೆತನ. ಒಲೆಯಿಂದ ಆಗತಾನೆ ತೆಗೆದ ನಾನ್‌ಖಟಾಯಿಯನ್ನು ಮೂವರಿಗೂ ಕಾಗದದಲ್ಲಿಟ್ಟು ಕೊಟ್ಟರು. ಮಾವನವರು ತಮ್ಮ ಪಾಲು ಹಿಡಿದು, ನಮಗೆ ಬೆನ್ನು ತಿರುಗಿಸಿ, ಎದುರು ಮನೆಯ ಹೆಂಚುಗಳನ್ನು ಪರೀಕ್ಷಿಸತೊಡಗಿದರು. ಸಿಸ್ಟರು ಕಣ್ಣು ಮುಚ್ಚಿ ಸವಿದರು. ನಾನು ನನ್ನದನ್ನು ಮೆಲ್ಲನೆ ಹ್ಯಾಂಡ್‌ಬ್ಯಾಗಿಗೆ ಇಳಿಸಿದೆ. ಮಾವನವರು ಎರಡು ಮಾರು ದೂರದಲ್ಲಿರುವಾಗ ನಡುಬೀದಿಯಲ್ಲಿ ನಿಂತು ತಿನ್ನುವುದುಂಟೇ!

ಮುಂದೆ ಹಾಲಿನವರ ಮನೆಯಲ್ಲಿ ಗಿಣ್ಣು. ಅಲ್ಲಿಯೂ ಮಾವನವರು ತಿರುಗಿ ದನದ ಕೊಟ್ಟಿಗೆಯನ್ನು ದಿಟ್ಟಿಸಿದರು. ಗಿಣ್ಣನ್ನು ಹ್ಯಾಂಡ್‌ಬ್ಯಾಗಿಗೆ ಇಳಿಸುವಂತಿಲ್ಲವಾಗಿ ನನ್ನ ಪಾಲೂ ಸಿಸ್ಟರಿಗೇ ಸಂದಿತು. ಬಿಳಿಯರ ಹಳೆಯ ಗೋರಿಗಳ ಬಳಿ ಹಿರಿಯೂರಿನ ಎಳನೀರು. ಸಿಸ್ಟರು ಶಿಲುಬೆಯ ಗುರುತು ಮಾಡಿ ಹೆಸರುಗಳನ್ನು ಓದಲು ಯತ್ನಿಸುತ್ತಿದ್ದರೆ ಮಾವನವರು ಎಳನೀರು ಕೊಡಿಸಿ ದೂರದ ಬಂಡೆಯತ್ತ ಮುಖ ಮಾಡಿ ನಿಂತರು. ಬಿಸಿಲು ನೆತ್ತಿಗೇರಿತ್ತು. ನನ್ನ ಕೈಯಲ್ಲಿ ಎಳನೀರು, ಗಂಟಲಲ್ಲಿ ಮರುಭೂಮಿ.

ಸಿಸ್ಟರು ಬಹಳ ಹೊತ್ತಿನಿಂದ ಗಮನಿಸುತ್ತಿದ್ದರೆಂದು ಕಾಣುತ್ತದೆ. ಇಷ್ಟು ಆದರದಿಂದ ಕರೆತಂದವರು ತಿನ್ನುವಾಗೆಲ್ಲ ಏಕೆ ಬೆನ್ನು ತೋರಿಸುತ್ತಾರೆ, ನಮ್ಮೊಡನೆ ಕಾಣಿಸಿಕೊಳ್ಳಲು ಅವರಿಗೆ ನಾಚಿಕೆಯೇ, ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ನಿಮ್ಮೊಡನೆ ಅಲ್ಲ ಸಿಸ್ಟರ್, ನನ್ನೊಡನೆ, ಎಂದೆ. ಎಷ್ಟೋ ದಿನದಿಂದ ಒಳಗಿದ್ದ ಮಾತು ಪರಭಾಷೆಯಲ್ಲಿ ಎಷ್ಟು ಸಲೀಸಾಗಿ ಹೊರಬಂತೆಂದರೆ ನನಗೇ ಗಾಬರಿಯಾಯಿತು. ಸಿಸ್ಟರು ನನ್ನ ಮೊಣಕೈ ಹಿಡಿದು ನಡೆದರು. ಆ ಕರುಣೆಯನ್ನು ತಡೆದುಕೊಳ್ಳುವುದು ಇನ್ನೂ ಕಷ್ಟವಾಯಿತು.

ಕೊನೆಗೆ ಕೋಟೆಯ ಕೆಳಗೆ, ಹಳೆಯ ಗೋಡೆಯೊಂದರ ನೆರಳಿನಲ್ಲಿ ಮಂಡಕ್ಕಿ ಗಂಗಮ್ಮನ ಅಂಗಡಿ. ಅಂಗಡಿಯೆಂದರೆ ಒಂದು ಒಲೆ, ಒಂದು ಬಾಣಲೆ, ಒಂದು ಬಾಯಿ. ಮೂರೂ ಸದಾ ಕಾದಿರುವಂಥವು. ಒಗ್ಗರಣೆ ಮಂಡಕ್ಕಿಯ ಮೇಲೆ ಮೆಣಸಿನಕಾಯಿ ಬಜ್ಜಿ ಇಟ್ಟು ನಮ್ಮಿಬ್ಬರಿಗೂ ಕೊಟ್ಟಳು. ಮಾವನವರು ಒಲೆಯಾಚೆ ಹೋಗಿ ಗೋಡೆಗೆ ಮುಖ ಕೊಟ್ಟು ನಿಂತರು. ಗಂಗಮ್ಮನಿಗೆ ಇದನ್ನು ಸಹಿಸಲಾಗಲಿಲ್ಲ.

“ಸಾವ್ಕಾರ್ರೆ, ಆ ಗ್ವಾಡೇಲಿ ಏನೈತ್ರಿ ಅಂಥಾದ್ದು? ನಾನು ಬಂದಾಗಿಂದ ಇಲ್ಲೇ ಕುಂತೀನಿ, ನಂಗೊಂದೂ ಕಂಡಿಲ್ಲ.”

“ಮೆತ್ತಗೆ ಮಾತಾಡೇ. ಹುಡುಗಿ ಬೆಳಗ್ಗಿಂದ ಬಿಸಿಲಾಗೆ ತಿರುಗೈತೆ. ನಾನು ಈ ಕಡೆ ನೋಡಿದ್ರೆ ಬಾಯಿಗೆ ಇಡಾದಿಲ್ಲ ಅದು.”

“ಅಯ್ಯೋ, ಅದು ಈಗ್ಲೂ ಇಟ್ಟಿಲ್ರಿ. ಹಂಗೇ ಹಿಡ್ಕಂಡು ನಿಂತೈತೆ.”

“ಹಂಗಾರೆ ನಾನು ಇನ್ನೊಂದೀಟು ಹೊತ್ತು ನಿಂತ್ಕಂತೀನಿ ಬಿಡು,” ಎಂದರು ಮಾವನವರು. ಗೋಡೆಗೆ ಇನ್ನೂ ಒಂದು ಹೆಜ್ಜೆ ಹತ್ತಿರವಾದರು.

ಓದುಗರೇ, ಆ ಬಜ್ಜಿಯನ್ನು ನಾನು ತಿಂದೆ. ಎರಡು ತಿಂದೆ. ಬ್ಯಾಗಿನಲ್ಲಿ ಪುಡಿಯಾಗಿದ್ದ ನಾನ್‌ಖಟಾಯಿಯನ್ನೂ ಬೊಗಸೆಯಲ್ಲಿ ಎತ್ತಿ ತಿಂದೆ. ಕಣ್ಣಲ್ಲಿ ಸುರಿದ ನೀರಿಗೆ ಗಂಗಮ್ಮ ಮೆಣಸಿನಕಾಯಿಯನ್ನು ಬೈದಳು. ನಾನೂ ತಿದ್ದಲು ಹೋಗಲಿಲ್ಲ. ನಾನು ಇಂಗ್ಲಿಷಿನಲ್ಲಿ ವಿಷಯ ತಿಳಿಸಿದ ಮೇಲೆ ಸಿಸ್ಟರು ಗೋಡೆಯೆದುರಿನ ಆ ಬೆನ್ನನ್ನು ನೋಡಿ, ನನ್ನ ಎಣ್ಣೆಗೈ ಕಡೆ ತಿರುಗಿ, ನಿನ್ನ ಟೇಬಲ್ ಮ್ಯಾನರ್ಸ್ ಪೂರ್ತಿ ಹಾಳಾಗಿದೆ, ದೇವರಿಗೆ ಸ್ತೋತ್ರ, ಎಂದರು.

ನಾಚಿಕೆ ಅಲ್ಲಿಗೆ ಮುಗಿಯಿತೆಂದು ನೀವು ಎಣಿಸಿದರೆ ನಾಚಿಕೆಯ ಸ್ವಭಾವ ನಿಮಗೆ ತಿಳಿಯದು. ಅದು ಹಳೆಯ ಕೋಣೆ ಬಿಟ್ಟು ಹೊಸ ಕೋಣೆಗೆ ಬಿಡಾರ ಬದಲಿಸಿತು, ಅಷ್ಟೆ. ಒಬ್ಬ ಮನುಷ್ಯ ನನಗೊಂದು ತುತ್ತು ಒಳಗಿಳಿಯಲೆಂದು ಬೆಳಗಿನಿಂದ ಹೆಂಚು, ಕೊಟ್ಟಿಗೆ, ಬಂಡೆ, ಗೋಡೆಗಳನ್ನು ನೋಡುತ್ತ ನಿಂತದ್ದನ್ನು ನಾನು ತಿರಸ್ಕಾರವೆಂದು ಓದಿದ್ದೆನಲ್ಲ! ಅದನ್ನು ಅವರಿಗೆ ಹೇಳಿಕೊಳ್ಳಲು ಕಂಬದ ಮಧ್ಯಸ್ಥಿಕೆ ಸಾಲದು. ಮನೆಯಲ್ಲಿ ಕಟ್ಟಳೆಗಳೇನೂ ಬದಲಾಗಲಿಲ್ಲ. ಅವರು ಬೆನ್ನು ತಿರುಗಿಸಿದಾಗ ನಾನು ಹೊಟ್ಟೆ ತುಂಬ ಉಣ್ಣುವುದನ್ನು ಕಲಿತೆ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ, ಆ ದಶಕದ ಕೊನೆಗೆ. ಯಜಮಾನರಿಗೆ ಅಲ್ಲಿಗೆ ವರ್ಗವಾಗಿತ್ತು. ಮೊಮ್ಮಗಳನ್ನು ನೋಡಲು ಬಂದಿದ್ದ ಮಾವನವರನ್ನು ದುರ್ಗದ ಬಸ್ಸು ಹತ್ತಿಸಲು ನಾನೊಬ್ಬಳೇ ಹೋಗಿದ್ದೆ. ಹೋಟೆಲಿನವನು ಎರಡು ಗ್ಲಾಸು ಟೀ ತಂದಿಟ್ಟ. ವಾಡಿಕೆಯಂತೆ ಅವರು ಬೆನ್ನು ತಿರುಗಿಸಲೆಂದು ನಾನು ನಿಂತೇ ಕಾದೆ. ಅವರು ಅಲುಗಲಿಲ್ಲ.

“ಕುಂತ್ಕಳಮ್ಮ. ಈ ವಯಸ್ಸಿಗೆ ಕುತ್ತಿಗೆ ತಿರುಗಾದಿಲ್ಲ ನಂದು,” ಎಂದರು. ಅಲ್ಲಿ ಕಂಬವಿರಲಿಲ್ಲ, ನನಗೇ ಹೇಳಿದರು.

ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತು ಕುಡಿದೆವು. ಅಭ್ಯಾಸವಿಲ್ಲದ ಗಡಿಬಿಡಿಯಲ್ಲಿ ನನ್ನ ಅರ್ಧ ಟೀಯನ್ನು ಸೀರೆಯೇ ಕುಡಿಯಿತು. ಕುಡಿದು ಮುಗಿಸಿದ ಅವರ ಬಿಳಿಮೀಸೆಯ ಮೇಲೆ ನೊರೆ ಅಂಟಿತ್ತು. ಒರೆಸಿಕೊಳ್ಳಿ ಎನ್ನಬೇಕೆಂದು ಬಾಯಿ ತೆರೆದೆ. ಮಾವನ ಮೀಸೆಯ ಬಗ್ಗೆ ಸೊಸೆ ಮಾತಾಡುವುದು ಹೇಗೆ? ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯ ಪಕ್ಕದ ಸೀಟು ಹಿಡಿದು, ಕಂಬಳಿ ಸರಿಮಾಡಿಕೊಂಡು, ನನ್ನತ್ತಲೇ ಮುಖ ಮಾಡಿ, ಆ ನೊರೆಯ ಮೀಸೆಯಲ್ಲೇ ಅತ್ಯಂತ ಗಾಂಭೀರ್ಯದಿಂದ ಕುಳಿತು ಹೊರಟುಹೋದರು.