ಹಮೀದಾಕ ಸೀಸರ್ ಆದ ವಾರ

ಒದ್ದೆ ಹತ್ತಿಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಹಾಯುವಾಗ ಏಳುವ ವಾಸನೆ ಮೊನ್ನೆ ಗಲ್ಫಿನ ರುಮೈಥಿಯಾದ ಲಾಂಡ್ರಿಯೊಂದರ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿಬಿಟ್ಟಿತು. ಅಲ್ಲಿಂದ ಎರಡು ಬೀದಿ ಆಚೆ, ಮೂರನೆಯ ಮಹಡಿಯಲ್ಲಿ, ನಮ್ಮ ಮನೆಯಿತ್ತು. ಈಗ ಆ ಕಟ್ಟಡವೇ ಇಲ್ಲ. ಅಪ್ಪ, ಅಮ್ಮ, ನಾನು, ಮತ್ತೆ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಹಮೀದಾಕ, ಅಂದರೆ ಹಮೀದಣ್ಣ. ಉಳ್ಳಾಲ ಕಡೆಯ ಬ್ಯಾರಿಗಳು, ಟೈಲರ್ ಅಂಗಡಿಯಲ್ಲಿ ಕೆಲಸ, ಹೆಂಡತಿ ಮಗಳು ಊರಲ್ಲಿ. ಅಪ್ಪನ ಜೊತೆ ತುಳುವಿನಲ್ಲಿ ಹರಟುತ್ತಿದ್ದರು, ಅಮ್ಮನ ನೀರುದೋಸೆಯನ್ನು ಹೊಗಳಿ ಹೊಗಳಿ ತಿನ್ನುತ್ತಿದ್ದರು, ನನ್ನನ್ನು ತಮ್ಮ ಭಾಷೆಯಲ್ಲಿ ‘ಮೋಳೆ’, ಅಂದರೆ ಮಗಳೇ, ಎನ್ನುತ್ತಿದ್ದರು. ಗಲ್ಫಿನಲ್ಲಿ ಹಾಗೆ ಮನೆ ಹಂಚಿಕೊಂಡು ಬೆಳೆದವರಿಗೆ ಗೊತ್ತು, ಅವರು ಹೊರಗಿನವರು ಎಂಬುದೇ ಮರೆತುಹೋಗಿರುತ್ತದೆ.

ನಾನು ಐದನೆಯ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ರೋಮಿನ ಸೀಸರನ ಕೊಲೆಯನ್ನು ಆಡಿ ತೋರಿಸಬೇಕಿತ್ತು. ಇರಿಯುವವರ ಗುಂಪಿನಲ್ಲಿದ್ದ ಅವನ ನೆಚ್ಚಿನ ಗೆಳೆಯನ ಪಾತ್ರ ನನ್ನದು. ಮನೆಯ ಅಭ್ಯಾಸಕ್ಕೆ ಹಮೀದಾಕ ಸೀಸರ್. ಹಳೆಯ ಬೆಡ್‌ಶೀಟಿಗೆ ನೇರಳೆ ಅಂಚು ಹೊಲಿದು, ಇಸ್ತ್ರಿ ಹಾಕಿ, ಹೊದ್ದುಕೊಂಡು ಗತ್ತಿನಿಂದ ಕುರ್ಚಿಯಲ್ಲಿ ಕುಳಿತರು.

“ಇವನನ್ನು ಕೊಂದದ್ದು ಎಂತಕ್ಕೆ ಶೆಟ್ರೇ?” ಎಂದು ಅಪ್ಪನನ್ನು ಕೇಳಿದರು.

“ರಾಜನಾಗಿಬಿಡ್ತಾನೆ ಅಂತ ಹೆದರಿಕೆ. ದೇಶಕ್ಕೋಸ್ಕರ ಅಂತ ಹೇಳಿಕೊಂಡ್ರು.”

“ಮತ್ತೆ ದೇಶ ಸರಿಯಾಯ್ತಾ?”

“ಎಲ್ಲಿ! ಯುದ್ಧವೇ ಆಯ್ತು. ಕೊನೆಗೆ ಅವನ ದತ್ತುಮಗನೇ ಚಕ್ರವರ್ತಿಯಾದ.”

ಹಮೀದಾಕ ಗಟ್ಟಿಯಾಗಿ ನಕ್ಕರು. ಗೆಳೆಯನನ್ನು ಕಂಡದ್ದೇ ಸೀಸರ್ ಬಟ್ಟೆಯಿಂದ ಮುಖ ಮುಚ್ಚಿಕೊಂಡನಂತೆ ಎಂದು ನಾನು ಹೇಳಿಕೊಟ್ಟಾಗ ನೇರಳೆ ಅಂಚನ್ನು ಮುಖದವರೆಗೆ ಎಳೆದು ನೋಡಿದರು. “ಚುಚ್ಚುವಾಗ ಆ ಗೆಳೆಯನಿಗೆ ಇವನ ಮುಖ ಕಾಣುವುದು ಬೇಡ ಅಂತ ಇರ್ಬೇಕು, ಪಾಪ.”

ಆ ವಾರವೇ ಕಟ್ಟಡದ ಕಾವಲುಗಾರ ಹಾರಿಸ್ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಆ ಭಾಯಿ ಮಲಗುವುದೂ ಇಲ್ಲೇನಾ ಎಂದು ಹಿಂದಿಯಲ್ಲಿ ಕೇಳಿದ. ಸಂಸಾರಸ್ಥರ ಕಟ್ಟಡದಲ್ಲಿ ಒಂಟಿ ಗಂಡಸರು ಇರುವಂತಿರಲಿಲ್ಲ. ಹಮೀದಾಕ ಊಟಕ್ಕೆ ಬಂದುಹೋಗುತ್ತಾರೆ ಅಷ್ಟೇ ಎಂದು ಅಪ್ಪ ಮಾಲೀಕನಿಗೆ ಹೇಳಿಟ್ಟಿದ್ದರು. ಅದು ತಿಳಿಯದ ನಾನು ಉಮೇದಿನಿಂದ ಅವರ ಕೋಣೆಯ ಕಿಟಕಿಯನ್ನೇ ತೋರಿಸಿಕೊಟ್ಟೆ. ಎರಡು ದಿನದಲ್ಲಿ ಖಾಲಿ ಮಾಡಿಸಿ ಎಂದು ಮಾಲೀಕ ಹೇಳಿ ಕಳಿಸಿದ. ಬಾಯಿಬಿಟ್ಟವರು ಯಾರು ಎಂದು ಅಪ್ಪ ಚಡಪಡಿಸಿದರು, ನಾನು ಉಸಿರೆತ್ತಲಿಲ್ಲ. ಹಮೀದಾಕ ದೂರದ ಜಹ್ರಾದಲ್ಲಿ ಕೆಲಸ ಹುಡುಕಿಕೊಂಡು ಹೊರಟುಹೋದರು. ಶಾಲೆಯಲ್ಲಿ ನನ್ನ ಸರದಿ ಬಂದಾಗ ರಟ್ಟಿನ ಕತ್ತಿ ಎತ್ತಲಾಗದೆ ಬಿಕ್ಕಿ ಬಿಕ್ಕಿ ಅತ್ತೆ. ಎಂಥ ಅಭಿನಯ ಎಂದು ಟೀಚರ್ ಬೆನ್ನು ತಟ್ಟಿದರು.

ಊರಿನಲ್ಲಿ ನನ್ನ ಮದುವೆಗೆ ಹಮೀದಾಕ ಬಂದಿದ್ದರು, ಗಡ್ಡವೆಲ್ಲ ಬೆಳ್ಳಗಾಗಿತ್ತು. ಪಂಕ್ತಿಯಲ್ಲಿ ಬಗ್ಗಿ ಪಾಯಸ ಬಡಿಸುತ್ತಾ, ಅಂದು ಹೇಳಿದ್ದು ನಾನೇ ಎಂದು ಅವರ ಕಿವಿಯಲ್ಲಿ ಒಪ್ಪಿಕೊಂಡೆ.

“ಅಯ್ಯೋ ಮಾರಾಯ್ತಿ! ಹಾರಿಸ್‌ಗೆ ಮುಂಚಿನ ದಿನವೇ ನಾನು ಹೇಳಿ ಆಗಿತ್ತು. ಕದ್ದು ಮೆಟ್ಟಿಲು ಹತ್ತಿ ಹತ್ತಿ ಸಾಕಾಗಿತ್ತು ನನಗೆ.”

ಹೋದ ವರ್ಷ ಅವರು ತೀರಿಕೊಂಡರು. ಪಂಕ್ತಿಯಲ್ಲಿ ಹೇಳಿದ್ದು ನಿಜವೋ, ನನಗಾಗಿ ಆ ಕ್ಷಣಕ್ಕೆ ಹುಟ್ಟಿಸಿದ ಮಾತೋ, ಇನ್ನು ತಿಳಿಯುವಂತಿಲ್ಲ. ಅಂದು ನಾನು ನಂಬಿದವಳಂತೆ ತಲೆಯಾಡಿಸಿದೆ. ಅವರ ಮುಖ ಅರಳಿತು. ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು.